ಕಲ್ಲು ಕೂರಿಸುವವರು ಎಲ್ಲಿ ಮಲಗುತ್ತಾರೆ

ದಡದ ಆರೈಕೆ ಆಸ್ಪತ್ರೆ, ನಾಲ್ಕನೇ ಮಹಡಿ
ನವೆಂಬರ್ 9

ಮಗಳೇ ಟೆಲ್ಸೆ,

ಫೋನು ಮಾಡಬೇಡ ಎಂದೆನೆಂದು ಮುಖ ಊದಿಸಿಕೊಳ್ಳಬೇಡ. ಫೋನಿನಲ್ಲಿ ನಾನು ಕೂಗುತ್ತೇನೆ, ನೀನೂ ಕೂಗುತ್ತೀಯ, ಪಕ್ಕದ ಕೋಣೆಯವರು ನಮ್ಮ ಮನೆ ಜಗಳವನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಾರೆ. ಕಾಗದದಲ್ಲಿ ಕೂಗುವುದಕ್ಕೆ ಬರುವುದಿಲ್ಲ. ದೋಣಿಯ ಬಂಡಿಕ್ಸ್ ಹೇಗೂ ಟಪಾಲು ತರುತ್ತಾನೆ, ಅವನಿಗೂ ಒಂದು ಕೆಲಸವಾಯಿತು.

ಸೊಂಟವನ್ನು ಎರಡನೇ ಸಲ ಕೊಯ್ದು ಸರಿಮಾಡಿದರು. ಚಳಿಗಾಲ ಮುಗಿಯುವ ತನಕ ಇಲ್ಲೇ ಬಿದ್ದಿರಬೇಕಂತೆ. ಇಡೀ ಆಯುಷ್ಯ ನಮ್ಮ ಹಾಲಿಗ್ ದ್ವೀಪದ ಅಂಚಿಗೆ ಕಲ್ಲು ಕೂರಿಸಿದವನನ್ನು ನಾನೇ ಕೂರಿಸಿದ ಕಲ್ಲೊಂದು ಬೀಳಿಸಿತು. ಪಾಚಿ ಹಿಡಿದಿತ್ತು, ಕಲ್ಲಿನ ತಪ್ಪೇನೂ ಇಲ್ಲ. ಕಿಟಕಿಯಿಂದ ಸಮುದ್ರ ಕಾಣುತ್ತದೆ. ಮೋಡವಿಲ್ಲದ ದಿನ ದೂರದಲ್ಲೊಂದು ಗೀಟು, ಗೀಟಿನ ಮೇಲೆ ನಾಲ್ಕೈದು ಉಬ್ಬು. ಅದೇ ಓಸ್ಟರ್‌ಸಾಂಡ್, ನಮ್ಮ ಮನೆಗಳ ದಿಬ್ಬಗಳು. ಒಡ್ಡೂ ಇಲ್ಲದ ಅಷ್ಟು ತಗ್ಗಿನ ಹುಲ್ಲುನೆಲದಲ್ಲಿ ಹಿರಿಯರು ಯಾವ ಧೈರ್ಯಕ್ಕೆ ದಿಬ್ಬ ಹಾಕಿ ಮನೆ ಕಟ್ಟಿದರೋ, ಇಲ್ಲಿಂದ ನೋಡಿದರೆ ಮೈ ಜುಮ್ಮೆನ್ನುತ್ತದೆ.

ಇಲ್ಲಿ ಊಟ ತರುವವಳು ರಾದ್ಕಾ ಎಂಬ ಹೆಂಗಸು, ಬಲ್ಗೇರಿಯಾದವಳು. ನಮ್ಮ ಭಾಷೆಯಲ್ಲಿ ನನಗಿಂತ ಚೆನ್ನಾಗಿ ಬೈಯುತ್ತಾಳೆ. ಮೊದಲ ಬೆಳಿಗ್ಗೆ ಬಂದು ಮೊಟ್ಟೆ ಹೇಗಿರಬೇಕು ಅಂತ ಕೇಳಿದಳು. ಹೇಗಿದ್ದರೂ ಆಗುತ್ತೆ ಅಂದೆ. ಅವಳು ಕದಲಲಿಲ್ಲ. ಹೇಗಿದ್ದರೂ ಅನ್ನುವ ಮೊಟ್ಟೆ ತಮ್ಮ ಅಡುಗೆಮನೆಯಲ್ಲಿ ಇಲ್ಲವಂತೆ. ಈ ವಯಸ್ಸಿಗೆ ಬಂದರೂ ನನ್ನ ಮೊಟ್ಟೆ ಗಟ್ಟಿ ಇರಬೇಕೋ ಮೆದು ಇರಬೇಕೋ ನನಗೇ ಗೊತ್ತಿಲ್ಲ. ನಿಮ್ಮಮ್ಮ ಇಟ್ಟದ್ದನ್ನು ತಿಂದವನು ನಾನು, ಅವಳು ಹೋದಮೇಲೆ ನೀನು ಇಟ್ಟದ್ದನ್ನು.

ಸರಿ, ವಿಷಯಕ್ಕೆ ಬರುತ್ತೇನೆ. ಕರಾವಳಿ ಕಚೇರಿಯಲ್ಲಿ ನನ್ನ ಜಾಗ ಖಾಲಿಯಾಗಿದೆ. ಇನ್ನು ನಾನು ಅಂಚಿಗೆ ಇಳಿಯುವ ಹಾಗಿಲ್ಲ ಅಂತ ಡಾಕ್ಟರು ಬರೆದುಕೊಟ್ಟಾಯಿತು. ಹಾರ್ಕ್ ಮೇಸ್ತ್ರಿ ಅದನ್ನು ನಿನಗೆಂದು ಫೆಬ್ರವರಿಯ ಬೀಕೆ ಹಬ್ಬದ ಬೆಂಕಿಯವರೆಗೆ ಹಿಡಿದಿಡುತ್ತಾನೆ. ಸರ್ಕಾರದ ಕೆಲಸ, ರಜೆಯೂ ಉಂಟು, ಮುದಿತನಕ್ಕೆ ಪಿಂಚಣಿಯೂ ಉಂಟು. ಹಳೆಯ ಯಜಮಾನಿ ಎಲ್ಕೆ ಹೋದಮೇಲೆ ನಾಲ್ಕು ವರ್ಷ ಆ ಹೋಟೆಲನ್ನೂ ಅಂಗಡಿಯನ್ನೂ ಒಬ್ಬಳೇ ಎಳೆದದ್ದು ಸಾಕು. ಬಾಗಿಲು ಹಾಕು. ಕಾಫಿ ಹೊತ್ತು ಯಾರೂ ನೆಲ ಉಳಿಸಿದ್ದಿಲ್ಲ ಮಗಳೇ. ನಮ್ಮ ನೆಲ ಉಳಿದಿರುವುದು ಕಲ್ಲಿನಿಂದ.

ಕುರಿಗಳನ್ನು ನೋಡಿಕೋ. ನಿನ್ನನ್ನೂ ನೋಡಿಕೋ.

ನಿನ್ನ ಅಪ್ಪ
ನೊಮ್ಮೆನ್


ಓಸ್ಟರ್‌ಸಾಂಡ್
ನವೆಂಬರ್ 27

ಅಪ್ಪಾ,

ಮೊಟ್ಟೆ ಮೆದು ಇರಬೇಕು ನಿನಗೆ. ಗಟ್ಟಿಯಾದರೆ ನೀನು ತಟ್ಟೆಯ ಅಂಚಿಗೆ ತಳ್ಳಿ ನಾಯಿಗೆ ಹಾಕುತ್ತಿದ್ದೆ. ಅಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತು. ರಾದ್ಕಾಗೆ ಹೇಳು.

ಇಲ್ಲಿ ಹೋಟೆಲಿನ ಕೋಣೆಗಳಲ್ಲಿ ಹಕ್ಕಿ ನೋಡುವ ಇಬ್ಬರನ್ನು ಬಿಟ್ಟರೆ ಗಾಳಿಯೇ ಇರುವುದು. ಅವರೂ ದಿನವಿಡೀ ದುರ್ಬೀನು ಹಿಡಿದು ಹೊರಗೆ ನಿಂತು, ಕತ್ತಲಾದಮೇಲೆ ಬಂದು, ಒಂದು ಬಟ್ಟಲು ಸೂಪು ಕುಡಿದು ಮಲಗುತ್ತಾರೆ. ಮುಂದಿನ ಅಂಗಡಿಗೆ ಬರುವವರು ನಮ್ಮವರೇ. ಹಿಟ್ಟು, ಯೀಸ್ಟು, ಬ್ಯಾಟರಿ, ಬಂಡಿಕ್ಸ್‌ನ ತಂಬಾಕು. ಕೊಳ್ಳುವುದು ಒಂದು ಹಿಡಿ, ಮಾತು ಒಂದು ಮೂಟೆ. ನಿನ್ನ ಸೊಂಟದ ಸಮಾಚಾರವನ್ನು ಎಲ್ಲರಿಗೂ ಬೇರೆಬೇರೆಯಾಗಿ ಹೇಳಿ ಹೇಳಿ ಈಗ ನಾನೇ ಅರ್ಧ ಡಾಕ್ಟರು.

ಕೆಲಸದ ವಿಷಯ. ನೀನು ಬರೆಯುವ ಮೊದಲೇ ಹಾರ್ಕ್ ಮೇಸ್ತ್ರಿ ಬಂದಿದ್ದ. ನಿಮ್ಮಪ್ಪನ ಜಾಗ ನಿನಗಲ್ಲದೆ ಇನ್ಯಾರಿಗೆ ಅಂದ. ನಾನು ಇಲ್ಲ ಅನ್ನಲಿಲ್ಲ ಅಪ್ಪಾ. ನಿಜ ಹೇಳಬೇಕೆಂದರೆ ಹೂಂ ಅನ್ನುವುದಕ್ಕೆ ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು.

ಸುಸ್ತಾಗಿದೆ. ಸೋಪಿನ ನೀರಿಗೆ ಕೈ ಬಿರಿದಿದೆ. ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ನಾಳೆ ಮಡಚಬೇಕಾದ ಹೊದಿಕೆಗಳು ಕಾಣುತ್ತವೆ. ಕೆಲಸ ಮುಗಿಸಿ ಬೂಟು ಬಿಚ್ಚಿದಮೇಲೆ ಯಾರೂ ನನ್ನನ್ನು ಕರೆಯದ ಒಂದು ಸಂಜೆ ಹೇಗಿರುತ್ತದೋ ನೋಡಬೇಕು. ಮೇಸ್ತ್ರಿಯ ಕೆಲಸದಲ್ಲಿ ಅದು ಸಿಗುತ್ತದೆ.

ಒಂದೇ ಒಂದು ಕೊರೆಯುತ್ತಿದೆ. ಮೊನ್ನೆ ಅಡುಗೆಯ ಯೋರಿಡ್, ಮುಂದಿನ ವರ್ಷಕ್ಕೆ ಮಕ್ಕಳಿಬ್ಬರ ಹೆಸರನ್ನು ಇಲ್ಲಿನ ಶಾಲೆಗೇ ಕೊಡಲಾ ಅಂತ ಕೇಳಿದಳು. ನಾನು ಸೀಗಡಿ ಸುಲಿಯುತ್ತಾ ಕೇಳಿಸದವಳ ಹಾಗೆ ಇದ್ದುಬಿಟ್ಟೆ. ಹೋಟೆಲು ಮುಚ್ಚಿದರೆ ಅವಳು ದಡಕ್ಕೆ ಹೋಗುತ್ತಾಳೆ. ಅವಳ ಮಕ್ಕಳು ಹೋದರೆ ಶಾಲೆಯಲ್ಲಿ ಉಳಿಯುವುದು ಬಂಡಿಕ್ಸ್‌ನ ಮಗಳು ಒಬ್ಬಳೇ. ಒಬ್ಬಳಿಗೆ ಯಾರು ಶಾಲೆ ನಡೆಸುತ್ತಾರೆ. ಬಂಡಿಕ್ಸ್ ಬೇರೆ, ಹೋಟೆಲಿನ ಸಾಮಾನೂ ಅತಿಥಿಗಳೂ ಇಲ್ಲದಿದ್ದರೆ ಚಳಿಗಾಲದಲ್ಲಿ ದೋಣಿ ವಾರಕ್ಕೊಮ್ಮೆ ಬಂದರೆ ಅದೇ ದೊಡ್ಡದು ಅನ್ನುತ್ತಿದ್ದಾನೆ. ನೀನೇನೋ ಕಾಫಿ ಅಂದೆ. ಈ ಕಾಫಿಗೆ ಏನೇನು ಕಟ್ಟಿದ್ದಾರೋ ನನಗೂ ಈಗಲೇ ತಿಳಿಯುತ್ತಿರುವುದು.

ಆದರೂ ನನ್ನ ಕೈ ಬಿರಿದಿರುವುದು ನನಗೇ ತಾನೆ ಉರಿಯುವುದು. ಬಹುಶಃ ಹೂಂ ಅನ್ನುತ್ತೇನೆ. ಸಂತೋಷವಾಯಿತಾ?

ಟೆಲ್ಸೆ


ಆರೈಕೆ ಆಸ್ಪತ್ರೆ
ಡಿಸೆಂಬರ್ 14

ಮಗಳೇ,

ಸಂತೋಷವಾಯಿತು. ಹೂಂ ಅನ್ನು, ಮತ್ತೆ ಯೋಚನೆ ಮಾಡಬೇಡ.

ಮೊಟ್ಟೆ ಮೆದುವಾಗಿ ಬರುತ್ತಿದೆ. ರಾದ್ಕಾ ನಿನ್ನ ಕಾಗದದ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿಕೊಂಡಳು. ನಿನ್ನ ಮಗಳಿಗೆ ಕೆಲಸ ಗೊತ್ತು ಅಂದಳು.

ಈಗ ನನಗೆ ನಡೆಯುವ ಅಭ್ಯಾಸ ಮಾಡಿಸುತ್ತಿದ್ದಾರೆ. ಎರಡು ಕೋಲು ಕೊಟ್ಟು, ಪೇಟೆಗೆ ಹೋಗಿ ದಿನಕ್ಕೊಂದು ಸಾಮಾನು ಕೊಂಡು ಬನ್ನಿ ಅನ್ನುತ್ತಾರೆ. ಇದಕ್ಕಿಂತ ಅವಮಾನ ಉಂಟೇ. ಮೊದಲ ದಿನ ಒಂದು ಬಾಚಣಿಗೆ ತಂದೆ. ನನ್ನ ತಲೆ ನಿನಗೆ ಗೊತ್ತಲ್ಲ. ಆಮೇಲೆ ದಾರ, ಆಮೇಲೆ ಒಂದು ಪೇರ್ ಹಣ್ಣು. ಅಂಗಡಿಯ ಹೆಂಗಸರಿಗೆ ಈಗ ನನ್ನ ಗುರುತಾಗಿದೆ, ಇವತ್ತು ಏನು ಬೇಡದ್ದು ಬೇಕು ಅಂತ ಕೇಳುತ್ತಾರೆ.

ಹೀಗೆ ಅಡ್ಡಾಡುತ್ತಾ ನಾನು ಕಂಡದ್ದನ್ನು ಹೇಗೆ ಹೇಳಲಿ. ಬೆಳಕು ಹರಿಯುವ ಮೊದಲೇ ನನ್ನ ಕಿಟಕಿಯ ಕೆಳಗೆ ಬಸ್ಸು ಬರುತ್ತದೆ. ತುಂಬಿ ತುಳುಕುವ ಬಸ್ಸು. ಮೊದಮೊದಲು ಯಾವುದೋ ಪ್ರವಾಸದವರು ಅಂದುಕೊಂಡಿದ್ದೆ. ಅವರೆಲ್ಲ ಹಾಸಿಗೆ ಹಾಸುವವರು, ರೊಟ್ಟಿ ಸುಡುವವರು, ಬಾಗಿಲು ಕಾಯುವವರು. ಊರು ಏಳುವ ಮೊದಲೇ ಬಂದು ಊರನ್ನು ಏಳಿಸುವವರು. ರಾದ್ಕಾಳ ಗಂಡ ಮೀನಂಗಡಿಯಲ್ಲಿದ್ದಾನೆ. ಅವರ ಮಗನಿಗೆ ಕಾಲ್ಚೆಂಡು ಕಲಿಸುವವನು ದೊಡ್ಡ ಹೋಟೆಲಿನ ಬಾಗಿಲವನು. ಆ ಬಾಗಿಲವನ ಹೆಂಡತಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದಾಳೆ. ಆ ಡಾಕ್ಟರು ಈ ಊರಿಗೆ ಬಂದದ್ದೇ ಬಸ್ಸು ತುಂಬ ಹಲ್ಲುಗಳಿವೆ ಎಂದು. ಒಬ್ಬರ ಮೇಲೊಬ್ಬರು ಒತ್ತಿ ಕೂತಿದ್ದಾರೆ, ನಮ್ಮ ಅಂಚಿನ ಕಲ್ಲುಗಳ ಹಾಗೆ, ನಡುವೆ ಗಾರೆಯಿಲ್ಲದೆ. ಯಾವ ಮೇಸ್ತ್ರಿ ಕೂರಿಸಿದನೋ ಕಾಣೆ. ಕಲ್ಲು ಬಲ್ಲವನು ನಾನು, ಬಾಯಿ ಕಳೆದು ನಿಂತುಬಿಟ್ಟೆ.

ಆದರೆ ನಿನ್ನೆ ಹಿಂದಿನ ಓಣಿಗೆ ಹೋಗಿದ್ದೆ. ಅಲ್ಲೊಂದು ಹಳೆಯ ವಸತಿಗೃಹ ಎರಡು ಚಳಿಗಾಲದ ಹಿಂದೆ ಮುಚ್ಚಿತಂತೆ. ಮೊದಲು ಅದು, ಆಮೇಲೆ ಪಕ್ಕದ ಚಪ್ಪಲಿ ಅಂಗಡಿ, ಆಮೇಲೆ ರೊಟ್ಟಿ ಅಂಗಡಿ, ಆಮೇಲೆ ಆ ಓಣಿಗೆ ಬರುತ್ತಿದ್ದ ಬಸ್ಸು. ಕಿಟಕಿಗಳಿಗೆಲ್ಲ ಕಂದು ಕಾಗದ ಅಂಟಿಸಿದ್ದಾರೆ. ಸಮುದ್ರ ನುಗ್ಗಿ ಹೋದ ಊರುಗಳನ್ನು ನಾನು ನೋಡಿದ್ದೇನೆ, ಅಲ್ಲಿ ಗೋಡೆಯ ಮೇಲೆ ನೀರಿನ ಗುರುತಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ. ಬೇಗ ಬೇಗ ಕೋಲೂರಿ ವಾಪಸು ಬಂದೆ.

ಇರಲಿ, ದಡದ ಊರಿನ ಮಾತು ಬೇರೆ, ನಮ್ಮದು ಬೇರೆ. ನಮ್ಮಲ್ಲಿ ಮೊದಲು ನೆಲ ಇರಬೇಕು, ಆಮೇಲೆ ಉಳಿದದ್ದು. ಕ್ರಿಸ್‌ಮಸ್ಸಿಗೆ ಬರುವುದಕ್ಕಾದರೆ ಬಾ. ಆಗದಿದ್ದರೆ ಬೇಡ.

ಅಪ್ಪ


ಓಸ್ಟರ್‌ಸಾಂಡ್
ಜನವರಿ 23

ಅಪ್ಪಾ,

ಕ್ರಿಸ್‌ಮಸ್ಸಿಗೆ ಬರಲಾಗಲಿಲ್ಲ. ಯಾಕೆ ಅಂತ ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಂದಿದ್ದರೆ ನೀನು, ಹೂಂ ಅಂದೆಯಾ ಅಂತ ಕೇಳುತ್ತಿದ್ದೆ.

ಕಳೆದ ವಾರ ನೆಲ ಮುಳುಗಿತು. ರೇಡಿಯೋದಲ್ಲಿ ಕೇಳಿರುತ್ತೀಯ. ಎಲ್ಲರೂ ಕ್ಷೇಮ, ಕುರಿಗಳೂ ಕ್ಷೇಮ. ಇಷ್ಟು ಬರೆದು ಸುಮ್ಮನಾಗಬಹುದಿತ್ತು, ಆದರೆ ಆಗುತ್ತಿಲ್ಲ.

ನೆಲ ಮುಳುಗುವುದನ್ನು ಎಷ್ಟೋ ಸಲ ನೋಡಿದ್ದೇನೆ ಅಪ್ಪಾ. ಹುಟ್ಟಿದಾಗಿನಿಂದ. ಕುರಿ ದಿಬ್ಬಕ್ಕೆ ಹತ್ತಿಸು, ಬಾಗಿಲಿಗೆ ಹಲಗೆ ಕೂರಿಸು, ನೀರು ಬಂದರೆ ಹತ್ತುವ ಮೇಲಿನ ಕಾಂಕ್ರೀಟು ಕೋಣೆಗೆ ನೀರೂ ರೊಟ್ಟಿಯೂ ಸಾಗಿಸು, ಇಷ್ಟೇ ನನ್ನ ತಲೆಯಲ್ಲಿ ಓಡುವುದು. ಈ ಸಲವೂ ಹಾಗೆಯೇ ಓಡಾಡುತ್ತಿದ್ದೆ. ಹೋಟೆಲಿನಲ್ಲಿ ಅತಿಥಿಗಳಿದ್ದರು, ದೋಣಿ ನಿಂತು ಸಿಕ್ಕಿಹಾಕಿಕೊಂಡವರು. ಅವರಲ್ಲಿ ಒಳನಾಡಿನ ಒಬ್ಬ ಮುದುಕ, ಗಡಿಯಾರ ರಿಪೇರಿಯವನು, ಸಮುದ್ರವನ್ನೇ ಮೊದಲ ಸಲ ನೋಡಲು ಬಂದವನು. ನಾನು ಹಲಗೆಗೆ ಮೊಳೆ ಹೊಡೆಯುತ್ತಿದ್ದಾಗ ಅವನು ಬಂದು ನನ್ನ ತೋಳು ಮುಟ್ಟಿ, ಅಲ್ಲಿ ನೋಡಿ ಅಂದ.

ನೋಡಿದೆ. ನೀರು ಅಂಚಿನ ಮೇಲಿಂದ ಹಾರಿ ಬರುತ್ತಿರಲಿಲ್ಲ. ಕಾಲುವೆಗಳೊಳಗಿಂದ ಸದ್ದಿಲ್ಲದೆ ಉಕ್ಕಿ, ಹುಲ್ಲಿನ ಬೇರಿನಡಿಯಿಂದ ಎದ್ದು ಬರುತ್ತಿತ್ತು. ಹುಲ್ಲು ಒಮ್ಮೆ ಹೊಳೆಯಿತು, ಆಮೇಲೆ ಇರಲಿಲ್ಲ. ನೀನು ಕೂರಿಸಿದ ಅಂಚು ಒಂದು ಕಪ್ಪು ದಾರವಾಗಿ ಕಂಡು, ತುಂಡು ತುಂಡಾಗಿ, ಹೋಯಿತು. ಬೇಲಿಗೂಟಗಳು ಹೋದವು. ದಾರಿ ಹೋಯಿತು. ಆಚೆಯ ದಿಬ್ಬಗಳು ಹಡಗುಗಳ ಹಾಗೆ ಬೇರೆಬೇರೆಯಾಗಿ ನಿಂತವು. ನಮ್ಮ ಮೆಟ್ಟಿಲಿನ ಬುಡದಲ್ಲಿ ಉತ್ತರ ಸಮುದ್ರ ನಿಂತಿತ್ತು ಅಪ್ಪಾ, ಹಾಲು ತರುವವನು ನಿಲ್ಲುವ ಜಾಗದಲ್ಲಿ. ಇಷ್ಟು ದೊಡ್ಡದು ಇಷ್ಟು ಹತ್ತಿರ ಬಂದು ನಿಲ್ಲುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ, ಇದರೊಳಗೇ ಬೆಳೆದವಳಿಗೆ. ಸುತ್ತಿಗೆ ಕೈಯಲ್ಲೇ ಇತ್ತು, ಹೊಡೆಯುವುದು ಮರೆತಿತ್ತು.

ಮುದುಕ ಮೆಲ್ಲಗೆ ಕೇಳಿದ, "ನೀವು ದಿನಾ ಇದರ ಪಕ್ಕದಲ್ಲೇ ಮಲಗ್ತೀರಾ?"

ಹೌದು ಅಂದೆ. ಅವನು ಟೋಪಿ ತೆಗೆದ. ನನಗೋ ಸಮುದ್ರಕ್ಕೋ ತಿಳಿಯಲಿಲ್ಲ. ನನ್ನ ಕಣ್ಣು ತುಂಬಿತು, ಅದನ್ನು ಇಲ್ಲಿ ಬರೆಯಲು ನಾಚಿಕೆಯಿಲ್ಲ.

ಒಳಗೆ ಯೋರಿಡ್ ದೊಡ್ಡ ಪಾತ್ರೆ ಇಟ್ಟಿದ್ದಳು. ಒಲೆ ಉರಿಯುವ ತನಕ ಹೆದರಿಕೆ ಇಲ್ಲ ಅನ್ನುವ ಹಾಗೆ ಎಲ್ಲರೂ ಅದರ ಸುತ್ತ ಕೂತರು. ನಮ್ಮ ದಿಬ್ಬದವರೆಲ್ಲ ತಾವಾಗಿ ಬಂದರು, ಯಾರೂ ಕರೆದಿರಲಿಲ್ಲ. ಅತಿಥಿಗಳು ಆಲೂಗಡ್ಡೆ ಸುಲಿದರು. ಯೋರಿಡ್‌ಳ ಮಕ್ಕಳು ಕಿಟಕಿಯಲ್ಲಿ ನಿಂತು ಗಡಿಯಾರದ ಅಜ್ಜನಿಗೆ, ಈಗ ಕಾಣದ ಶಾಲೆ ಎಲ್ಲಿದೆ, ಕಾಣದ ಆಟದ ಬಯಲು ಎಲ್ಲಿದೆ ಅಂತ ಬೆರಳು ತೋರಿಸಿ ಹೇಳಿಕೊಟ್ಟರು.

ನೀರು ಇಳಿದಮೇಲೆ ನೋಡಿದರೆ ಪಡುವಣ ಅಂಚು ಬಾಯಿಬಿಟ್ಟಿತ್ತು. ಹಾರ್ಕ್ ಮೇಸ್ತ್ರಿ ದಡದಿಂದ ಆಳುಗಳನ್ನು ಕರೆದುಕೊಂಡು ಬಂದ. ನಾನೂ ಅವರ ಜೊತೆ ಇಳಿದೆ. ಕಲ್ಲು ಎತ್ತಿದೆ, ತಿರುಗಿಸಿದೆ, ಅದಕ್ಕೆ ಒಪ್ಪುವ ಮಗ್ಗುಲು ಹುಡುಕಿ ಕೂರಿಸಿದೆ. ಕೂತಾಗ ಟಕ್ ಅನ್ನುವ ಸದ್ದು ನೀನು ಹೇಳುತ್ತಿದ್ದೆಯಲ್ಲ, ಅದನ್ನು ಕೇಳಿದೆ. ನನಗೆ ಆ ಕೆಲಸ ಬಹಳ ಇಷ್ಟವಾಯಿತು ಅಪ್ಪಾ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದು.

ಆಳುಗಳು ದೋಣಿಯಿಳಿದು ನೇರ ಬಂದದ್ದು ಎಲ್ಲಿಗೆ ಅಂದುಕೊಂಡೆ? ಹೋಟೆಲಿಗೆ. ಬೂಟು ಬಿಚ್ಚಿ ಒಲೆಯ ಪಕ್ಕ ಸಾಲಾಗಿಟ್ಟು, ಇವತ್ತು ಏನು ಸೂಪು ಯೋರಿಡ್ ಅಂದರು. ಕೊನೆಯ ಸಂಜೆ ಮೇಸ್ತ್ರಿ ಖುಷಿಯಲ್ಲಿದ್ದ. ಬೇಸಿಗೆಯಲ್ಲಿ ಪಡುವಣ ಅಂಚನ್ನು ಪೂರ್ತಿ ಹೊಸದಾಗಿ ಕಟ್ಟಲು ಒಪ್ಪಿಗೆ ಸಿಕ್ಕಿದೆಯಂತೆ. ಏಪ್ರಿಲ್‌ನಿಂದ ಶರತ್ಕಾಲದ ತನಕ ದೊಡ್ಡ ತಂಡವೇ ಬರುತ್ತದಂತೆ. ಅವರೆಲ್ಲ ಎಲ್ಲಿ ಮಲಗುತ್ತಾರೆ ಅಂತ ಸುಮ್ಮನೆ ಕೇಳಿದೆ.

"ಇನ್ನೆಲ್ಲಿ, ಇಲ್ಲೇ. ಯಾವಾಗ್ಲೂ ಮಲಗಿಲ್ವಾ?"

"ಇಲ್ಲಿ ಯಾರಿರ್ತಾರೆ ಮೇಸ್ತ್ರಿ? ನಾನು ನಿಮ್ ಜೊತೆ ಕಲ್ಲು ಹೊರ್ತಿರ್ತೀನಲ್ಲ."

ಅವನ ಚಮಚ ಬಾಯಿಗೂ ಬಟ್ಟಲಿಗೂ ನಡುವೆ ನಿಂತಿತು. ಬಂಡಿಕ್ಸ್ ಮೂಲೆಯಲ್ಲಿ ನಗಲು ಶುರುಮಾಡಿದ, ಆಳುಗಳೂ ನಕ್ಕರು, ಮೇಸ್ತ್ರಿ ಮಾತ್ರ ನಗಲಿಲ್ಲ. ನನ್ನನ್ನು ಕೆಲಸಕ್ಕೆ ಕರೆದವನು ಅವನೇ, ಹೋಟೆಲು ಮುಚ್ಚು ಅಂದವನು ನೀನೇ, ತಲೆಯಾಡಿಸಿದವಳು ನಾನೇ. ಮೂವರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಏನು ಮಾಡಲಿ ಅಂತ ನಿನ್ನನ್ನು ಕೇಳುತ್ತಿಲ್ಲ. ನಡೆದದ್ದನ್ನು ಬರೆದೆ.

ಟೆಲ್ಸೆ


ಆರೈಕೆ ಆಸ್ಪತ್ರೆ
ಫೆಬ್ರವರಿ 8

ಟೆಲ್ಸೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮೂರು ಸಲ ಬರೆಯಲು ಕೂತು ಹರಿದುಹಾಕಿದೆ.

ಮೇಸ್ತ್ರಿಯ ಚಮಚದ ವಿಷಯ ಓದಿ ಸೊಂಟ ನೋಯುವಷ್ಟು ನಕ್ಕೆ. ಆಮೇಲೆ ನಗು ನಿಂತುಹೋಯಿತು. ಆಳುಗಳು ಹೋಟೆಲಿನಲ್ಲಿ ಮಲಗುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇಳಿತದ ಹೊತ್ತಿಗೆ ಕಲ್ಲಂಚಿಗೆ ಬಿಸಿ ಪಾತ್ರೆ ಬರುತ್ತಿತ್ತು. ಎಲ್ಕೆ ಕೈಗಾಡಿಯಲ್ಲಿ ತಳ್ಳಿಕೊಂಡು ತರುತ್ತಿದ್ದಳು, ಮುಚ್ಚಳ ಹಾರದಿರಲಿ ಎಂದು ಮೇಲೊಂದು ಕಲ್ಲಿಟ್ಟು. ನಾವು ಕುಡಿದು, ಬಾಯಿ ಒರೆಸಿ, ಮತ್ತೆ ಕೆಲಸಕ್ಕೆ ಇಳಿಯುತ್ತಿದ್ದೆವು. ಉಬ್ಬರ ಬರುತ್ತದೆ, ಇಳಿತ ಬರುತ್ತದೆ, ಸೂಪು ಬರುತ್ತದೆ. ಹಾಗೆ ಅಂದುಕೊಂಡಿದ್ದೆ, ಬರುವಂಥದ್ದು, ಬಂತು.

ನೆಲ ಮುಳುಗಿದ ದಿನ ಇಲ್ಲಿ ಎಲ್ಲರೂ ಮೇಲಿನ ಮಹಡಿಯ ಕಿಟಕಿಗೆ ಬಂದಿದ್ದರು, ಅಡುಗೆಮನೆಯವರು, ಬಟ್ಟೆ ಒಗೆಯುವವರು, ಎಲ್ಲ. ನನ್ನನ್ನು ಗಾಲಿಕುರ್ಚಿಯಲ್ಲಿ ಮುಂದೆ ಕೂರಿಸಿದರು. ದಿಬ್ಬ ಕಾಣಲಿಲ್ಲ, ಬರೀ ಬಿಳಿ. ನನ್ನ ಮಗಳು ಅಲ್ಲಿದ್ದಾಳೆ ಅಂದೆ. ರಾದ್ಕಾ ನನ್ನ ಹಿಂದೆ ಕುರ್ಚಿ ಹಿಡಿದು ನಿಂತಳು, ಅವಳ ಪಾಳಿ ಮುಗಿದು ಬಸ್ಸು ಹೋದರೂ ನಿಂತೇ ಇದ್ದಳು. ಅಷ್ಟು ಹೆದರಿದ್ದೆ ಮಗಳೇ. ನಾನು ಕೂರಿಸಿದ ಒಂದೊಂದು ಕಲ್ಲನ್ನೂ ನೆನೆದುಕೊಂಡೆ. ಒಂದಾದಮೇಲೊಂದು ಕದಲುವ ಹಾಗೆ ಅನ್ನಿಸುತ್ತಿತ್ತು.

ನಿನ್ನ ಕಾಗದವನ್ನು ರಾದ್ಕಾಗೆ ಓದಿ ಹೇಳಿದೆ. ಸಮುದ್ರದ ಭಾಗ ಮುಗಿದಾಗ ಅವಳು ಕೇಳಿದ್ದು ಒಂದೇ. "ಅಷ್ಟೂ ಜನಕ್ಕೆ ಆ ಅಡುಗೆಯವ್ಳು ಏನ್ ಮಾಡಿ ಹಾಕಿದ್ಲು ಅಜ್ಜ? ಪಾತ್ರೆ ಎಷ್ಟು ದೊಡ್ಡದು?" ನನಗೆ ಗೊತ್ತಿಲ್ಲ ಅಂದೆ. ಮರುದಿನ ಅಡುಗೆಮನೆಯವರೆಲ್ಲ ಅದನ್ನೇ ಕೇಳಿದರು. ಅವರಿಗೆ ಸಮುದ್ರಕ್ಕಿಂತ ಪಾತ್ರೆ ದೊಡ್ಡದಾಗಿ ಕಂಡಿದೆ. ದಯವಿಟ್ಟು ಬರೆದು ತಿಳಿಸು, ಇಲ್ಲವಾದರೆ ನನಗೆ ನೆಮ್ಮದಿಯಿಲ್ಲ.

ಕೆಲಸದ ವಿಷಯಕ್ಕೆ ಇದೊಂದು ಮಾತು. ಕಲ್ಲಿನ ಕೆಲಸ ನಿನಗೆ ಇಷ್ಟವಾಯಿತು ಅಂದೆಯಲ್ಲ, ಅದನ್ನು ಓದಿ ನನಗೆ ಎಷ್ಟು ಹೆಮ್ಮೆಯಾಯಿತು ಅಂತ ಬರೆಯಲು ಬರುವುದಿಲ್ಲ. ಆಳುಗಳಿಗೆ ಮಲಗಲು ಮೇಸ್ತ್ರಿ ತಗಡಿನ ಗೂಡು ತರಿಸುತ್ತಾನೆ, ಅದು ಅವನ ತಲೆನೋವು. ಅವರಿಗಾಗಿ ನೀನು ಸೋಪಿನ ನೀರಿನಲ್ಲಿ ಸವೆಯಬೇಡ. ನನಗಾಗಿ ಕಲ್ಲಿಗೂ ಇಳಿಯಬೇಡ. ನವೆಂಬರಿನಲ್ಲಿ ಬರೆದಾಗ ನನಗೆ ಎಲ್ಲ ಗೊತ್ತಿತ್ತು. ಈಗ ಏನೂ ಗೊತ್ತಿಲ್ಲ. ನೀನೇ ನೋಡು.

ಅಪ್ಪ


ಓಸ್ಟರ್‌ಸಾಂಡ್
ಫೆಬ್ರವರಿ 22

ಅಪ್ಪಾ,

ಮೊದಲು ಪಾತ್ರೆ. ಅದು ಅಮ್ಮನ ಕುರಿಮಾಂಸದ ಹಂಡೆ, ಎರಡು ಹಿಡಿಯದ್ದು, ಯೋರಿಡ್‌ಳ ಕಿರಿಯವನು ಅದರೊಳಗೆ ಕೂತರೆ ತಲೆ ಮಾತ್ರ ಕಾಣುತ್ತದೆ. ಹಾಕಿದ್ದು ಬಟಾಣಿ, ಹೊಗೆಯಾಡಿಸಿದ ಹಂದಿಮಾಂಸ, ಅತಿಥಿಗಳು ಅರ್ಧ ಸಿಪ್ಪೆ ಸಮೇತ ಸುಲಿದ ಆಲೂಗಡ್ಡೆ. ಜನ ಹೆಚ್ಚಿದ ಹಾಗೆಲ್ಲ ನೀರು ಹೆಚ್ಚಿಸಿದಳು, ಜೊತೆಗೆ ಒಂದು ಸೌಟು ಸಾಸಿವೆ. ಸಾಸಿವೆ ಹಾಕಿದರೆ ತೆಳ್ಳಗಾದದ್ದು ಯಾರಿಗೂ ತಿಳಿಯುವುದಿಲ್ಲವಂತೆ. ಇದನ್ನು ನಿನ್ನ ಅಡುಗೆಮನೆಯವರಿಗೆ ಮಾತ್ರ ಹೇಳು.

ನಿನ್ನೆ ಬೀಕೆ ಉರಿಸಿದೆವು. ಈ ಸಲ ಸೌದೆಗೆ ಬರವಿರಲಿಲ್ಲ, ಸಮುದ್ರವೇ ತಂದು ರಾಶಿ ಹಾಕಿತ್ತು. ಮುರಿದ ಬೇಲಿ, ಯಾವುದೋ ಹಡಗಿನ ಹಲಗೆ, ಒಣಗಿದ ಕ್ರಿಸ್‌ಮಸ್ ಮರಗಳು. ಸೂರ್ಯ ಇಳಿದ ಕೂಡಲೆ ಮಕ್ಕಳು ಪಂಜು ಇಟ್ಟರು. ಒಂದು ಗಳಿಗೆ ನಮ್ಮದೊಂದೇ ಬೆಂಕಿ. ಆಮೇಲೆ ನೀರಿನಾಚೆ ಒಂದು ಹತ್ತಿತು, ಅದರ ಬಲಕ್ಕೆ ಇನ್ನೊಂದು, ಆಮೇಲೆ ದಡದುದ್ದಕ್ಕೂ, ಕಣ್ಣು ಹೋಗುವ ತನಕ. ಒಂದೊಂದು ಬೆಂಕಿಯೂ ಒಂದೊಂದು ಊರು, ನಾವಿನ್ನೂ ಇದ್ದೇವೆ ಅನ್ನುವ ಊರು. ನಮ್ಮದೂ ಅಲ್ಲಿಂದ ಹೀಗೇ ಕಾಣುತ್ತಿರುತ್ತದೆ ಅಂದುಕೊಂಡೆ. ನಿನ್ನ ಕಿಟಕಿಗೂ ಕಂಡಿತಾ?

ಎಲ್ಲರೂ ಹೊಗೆ ವಾಸನೆ ಹೊತ್ತು ಹೋಟೆಲಿಗೆ ಬಂದರು. ಕೋಸಿನ ಸೊಪ್ಪು, ಸಾಸೇಜು, ಸುಟ್ಟ ಆಲೂಗಡ್ಡೆ. ಬಡಿಸುತ್ತಾ ಬಡಿಸುತ್ತಾ ಹಾರ್ಕ್ ಮೇಸ್ತ್ರಿಯ ತಟ್ಟೆಯ ಹತ್ತಿರ ಬಂದಾಗ ನಿಂತೆ. ತಗಡಿನ ಗೂಡು ತರಿಸೋಣ, ಒಲೆಯನ್ನೂ ಇಡೋಣ, ನೀನು ಮಾತ್ರ ಬಾ ಅಂತ ಅವನು ಮತ್ತೆ ಹೇಳುತ್ತಿದ್ದ. ಒಳ್ಳೆಯ ಮನುಷ್ಯ. ನಾನು ಅವನಿಗೆ ಹೇಳಿದೆ, "ಕಲ್ಲಿನ ಕೆಲ್ಸಕ್ಕೆ ಬೇರೆಯವ್ರು ಸಿಗ್ತಾರೆ ಮೇಸ್ತ್ರಿ. ಈ ಬಾಗ್ಲು ತೆಗ್ಯೋಕೆ ಇಲ್ಲಿ ನನ್ ಬಿಟ್ರೆ ಯಾರೂ ಇಲ್ಲ. ನಾನ್ ಬರಲ್ಲ."

ಹೇಳಿ ಅಡುಗೆಮನೆಗೆ ಬಂದೆ. ಯೋರಿಡ್ ಬಾಗಿಲ ಸಂದಿಯಲ್ಲಿ ಎಲ್ಲ ಕೇಳಿಸಿಕೊಂಡಿದ್ದಳು. ನನಗೊಂದು ತಟ್ಟೆ ಹಾಕಿಕೊಟ್ಟು, ಮಕ್ಕಳ ಹೆಸರು ಕೊಡಲು ನಾಳೆಯೇ ಶಾಲೆಗೆ ಹೋಗುತ್ತೇನೆ ಅಂದಳು.

ನನಗೆ ಭಯವಿದೆ ಅಪ್ಪಾ, ನಿನ್ನೊಬ್ಬನಿಗೆ ಹೇಳುತ್ತಿದ್ದೇನೆ. ಚಳಿಗಾಲವಿಡೀ ಯಾರು ಕೇಳಿದರೂ, ಈ ವರ್ಷ ತೆಗೆದಿರುತ್ತೇವೋ ಇಲ್ಲವೋ ಗೊತ್ತಿಲ್ಲ ಅಂತ ಉತ್ತರ ಕೊಟ್ಟುಬಿಟ್ಟೆ. ಅವರೆಲ್ಲ ಬೇರೆ ಕಡೆ ಕೋಣೆ ಹಿಡಿದಿದ್ದಾರೆ. ಆಳುಗಳ ತಂಡ ಏಪ್ರಿಲ್ ಕೊನೆಗೆ ಬರುವುದು. ಅಲ್ಲಿಯತನಕ, ಹೆಬ್ಬಾತುಗಳು ಬರುವ ಆ ವಾರಗಳಿಗೆ, ಒಬ್ಬರ ಹೆಸರೂ ಇಲ್ಲ. ಯೋರಿಡ್‌ಗೆ ಸಂಬಳ ಕೊಡಬೇಕು. ಕಲ್ಲಿನ ಆ ಟಕ್ ಸದ್ದು ಈಗಲೂ ಕಿವಿಯಲ್ಲಿದೆ, ಬಿಟ್ಟುಕೊಟ್ಟೆನಲ್ಲ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಆದರೂ ಇವತ್ತು ಬೆಳಿಗ್ಗೆ ಎದ್ದು ಕಿಟಕಿಗಳನ್ನೆಲ್ಲ ತೆಗೆದೆ. ಕೋಣೆಗಳು ಗಾಳಿಯಾಡಲಿ.

ನಿನ್ನನ್ನು ಕರೆತರಲು ಯಾವತ್ತು ಬರಲಿ ಬರೆ.

ಟೆಲ್ಸೆ


ಆರೈಕೆ ಆಸ್ಪತ್ರೆ
ಮಾರ್ಚ್ 6

ಓಸ್ಟರ್‌ಸಾಂಡ್ ಹೋಟೆಲಿನ ಯಜಮಾನಿಯವರಿಗೆ,

ಹೀಗೆ ಶುರುಮಾಡಬೇಕೆಂದು ಇಲ್ಲಿನವರು ಹೇಳಿಕೊಟ್ಟರು. ನಾನು ಯಾವತ್ತೂ ಕೋಣೆ ಕೇಳಿ ಕಾಗದ ಬರೆದವನಲ್ಲ, ತಪ್ಪಿದ್ದರೆ ತಿದ್ದಿಕೋ.

ನಿಮ್ಮ ಬೆಂಕಿ ಕಂಡಿತು. ನನ್ನೊಬ್ಬನಿಗಲ್ಲ. ಈ ಸಲವೂ ಅವರೆಲ್ಲ ಮೇಲಿನ ಕಿಟಕಿಗೆ ಬಂದಿದ್ದರು. ಅದು ನನ್ನ ಮಗಳ ಬೆಂಕಿ ಅಂದೆ. ರಾದ್ಕಾ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ, ಅಲ್ಲಿಗೆ ಹೋಗೋದು ಹೇಗೆ ಅಜ್ಜ ಅಂತ ಕೇಳಿದಳು. ಹನ್ನೆರಡು ವರ್ಷದಿಂದ ಈ ಕಿಟಕಿ ಒರೆಸುತ್ತಿದ್ದಾಳೆ ಮಾರಾಯ್ತಿ. ಒಂದು ಸಲವೂ ನೀರು ದಾಟಿಲ್ಲ. ಉಳಿದವರೂ ದಾಟಿಲ್ಲ. ರಜೆ ಬಂದರೆ ಅವರು ತಮ್ಮ ಊರಿಗೆ ಹೋಗಿ ಅಲ್ಲಿ ಅಮ್ಮಂದಿರಿಗೆ ಅಡುಗೆ ಮಾಡಿ ಹಾಕಿ ಬರುತ್ತಾರಂತೆ.

ಏಪ್ರಿಲ್ ಮೊದಲ ವಾರ ಇಲ್ಲಿ ಅಡುಗೆಮನೆಗೆ ಬಣ್ಣ ಹೊಡೆಯುತ್ತಾರೆ, ರೋಗಿಗಳನ್ನು ಆಚೆ ಕಟ್ಟಡಕ್ಕೆ ಸಾಗಿಸುತ್ತಾರೆ, ಇವರಿಗೆಲ್ಲ ಬಿಡುವು. ನನ್ನನ್ನು ಬಿಡುಗಡೆ ಮಾಡುವುದೂ ಆಗಲೇ. ಆದುದರಿಂದ ಆ ವಾರಕ್ಕೆ ನಿಮ್ಮಲ್ಲಿರುವ ಕೋಣೆಗಳನ್ನೆಲ್ಲ ನಮಗೆ ಕೊಡಬೇಕಾಗಿ ವಿನಂತಿ. ಬರುವವರು ರಾದ್ಕಾ, ಅವಳ ಗಂಡ, ಮಗ. ಸೂಪಿನ ಒಲೆಯ ಹೆನ್ನಿಂಗ್, ಅವನು ಆ ಹಂಡೆಯನ್ನು ಕಣ್ಣಾರೆ ನೋಡಬೇಕಂತೆ. ಬಟ್ಟೆ ಒಗೆಯುವ ಡೋರ್ಟೆ, ದಿನಕ್ಕೆ ನೂರಾರು ಹಾಸಿಗೆಗೆ ಹೊದಿಕೆ ಇಸ್ತ್ರಿ ಮಾಡುವವಳು. ಬೇರೆಯವರು ಹಾಸಿಕೊಟ್ಟ ಹಾಸಿಗೆಯಲ್ಲಿ ಒಮ್ಮೆ ಮಲಗಿ ನೋಡಬೇಕು ಅಂತ ಅವಳ ಆಸೆ. ದೊಡ್ಡ ಹೋಟೆಲಿನ ಬಾಗಿಲವನೂ ಅವನ ಹೆಂಡತಿಯೂ. ಇನ್ನೂ ಯಾರಾರೋ, ಬಸ್ಸಿನಲ್ಲಿ ಸುದ್ದಿ ಹಬ್ಬಿದೆ, ದಿನಾ ಒಬ್ಬರು ಹೆಚ್ಚುತ್ತಿದ್ದಾರೆ. ಎಲ್ಲರೂ ತಮ್ಮ ಖರ್ಚು ತಾವೇ ಕೊಡುತ್ತಾರೆ, ಬಿಟ್ಟಿ ಅಂದರೆ ಬರುವುದೇ ಇಲ್ಲವಂತೆ. ನೀನೂ ಒಂದು ಕಾಸು ಕಡಿಮೆ ಮಾಡಬೇಡ, ಅವರಿಗೆ ಅವಮಾನವಾಗುತ್ತದೆ.

ನನ್ನನ್ನು ಕರೆತರಲು ನೀನು ಬರುವುದು ಬೇಡ. ಇವರ ಜೊತೆಗೇ ದೋಣಿ ಹತ್ತುತ್ತೇನೆ. ಬಂಡಿಕ್ಸ್‌ಗೆ ಬೆಂಚುಗಳನ್ನು ಒರೆಸಿಡಲು ಹೇಳು. ಹೆಬ್ಬಾತುಗಳು ಸಾವಿರ ಸಾವಿರವಾಗಿ ಬಂದು ಇಳಿಯುವಾಗ ಆಕಾಶ ಹೇಗೆ ಕಪ್ಪಾಗುತ್ತದೆ ಅಂತ ಇವರಿಗೆ ಹೇಳಿದ್ದೇನೆ. ಸುಳ್ಳು ಅಂದಿದ್ದಾರೆ.

ಒಂದೇ ಒಂದು ಕಷ್ಟವಿದೆ, ಮೊದಲೇ ಹೇಳಿಬಿಡುತ್ತೇನೆ. ಇವರಿಗೆ ಕೂತು ಬಡಿಸಿಕೊಳ್ಳಲು ಬರುವುದಿಲ್ಲ. ನಿನ್ನೆ ಅಭ್ಯಾಸಕ್ಕೆಂದು ಮೇಜಿನ ಮುಂದೆ ಕೂರಿಸಿದೆ. ಬಾಗಿಲು ಕಿರ್ ಅಂದರೆ ಸಾಕು, ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಚಿಂತೆ ಮಾಡಬೇಡ, ನಾನು ಕಲಿಸುತ್ತೇನೆ. ಈ ಚಳಿಗಾಲದಲ್ಲಿ ನಾನು ಇವರಿಂದ ಕಲಿತದ್ದು ಅದೊಂದನ್ನೇ.

ನಿಮ್ಮ ಒಪ್ಪಿಗೆಯ ಕಾಗದಕ್ಕಾಗಿ ಕಾದಿರುವ

ನೊಮ್ಮೆನ್ ಕೆಟೆಲ್ಸೆನ್
ಅತಿಥಿ